ಜೂನ್ ಒಂದರಂದು ಹುಟ್ಟಿದವರು

ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯನ್ನು ಪರಿಮಳ ಎಂದು ಯಾರೂ ಕರೆಯುವುದಿಲ್ಲ. ಹಿಕ್ಕೆ, ಗಂಜಲ, ತೊಯ್ದ ಉಣ್ಣೆ, ಕಾದ ಮಣ್ಣು ಎಲ್ಲ ಕಲೆತು ಮೂಗಿಗೆ ಬಡಿಯುವ ವಾಸನೆ ಅದು. ಪಟ್ಟಣದವರಾದರೆ ಕಾರಿನ ಗಾಜು ಏರಿಸುತ್ತಾರೆ. ಈ ಸಲ ದಾವಣಗೆರೆ ಕಡೆಯಿಂದ ಹಡಗಲಿಗೆ ಹೋಗುವಾಗ ಹರಪನಹಳ್ಳಿ ಸೀಮೆಯ ಅರಸೀಕೆರೆ ಹತ್ತಿರ ಅದೇ ವಾಸನೆ ಬಂತು. ನಾನು ಗಾಜು ಇಳಿಸಿ, ಕಾರನ್ನು ಬದಿಗೆ ಹಾಕಿ, ಇಳಿದು ಬೇಲಿಯ ಪಕ್ಕ ನಿಂತುಬಿಟ್ಟೆ. ಎತ್ತು ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ "ಗಾಡಿ ಕೆಟ್ಟೈತೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಯಾಕೆ ನಿಂತೆ ಎಂದು ಪುಣ್ಯಕ್ಕೆ ಕೇಳಲಿಲ್ಲ.

ಅಲ್ಲಿಂದ ಒಂದು ಮೈಲಿ ಒಳಗಿನ ಹೊಲವೊಂದರಲ್ಲಿ ನಾನು ಹುಟ್ಟಿದ್ದು. ಅದು ನನಗೆ ತಿಳಿದದ್ದು ಮೂವತ್ತಾರು ದಾಟಿದ ಮೇಲೆ, ಒಂದು ಮುಂಗಾರಿನಲ್ಲಿ. ಆ ಮುಂಗಾರಿನಲ್ಲಿ ನನಗೆ ಕೆಲಸವಿರಲಿಲ್ಲ.

ನಾನು ವಿಮಾನ ಹಾರಿಸುವವನು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಅಲ್ಲಿಯ ತನಕ ಹೋಗಿದ್ದು ಹೇಗೆ ಎಂದು ಕೇಳುವವರಿಗೆ, ಒಂದು ವಸತಿ ಶಾಲೆ, ಒಂದು ಸ್ಕಾಲರ್‌ಶಿಪ್ಪು, ಒಬ್ಬ ಗಣಿತದ ಮೇಷ್ಟ್ರು, ಜೊತೆಗೆ ಬೇರೇನೂ ಬರದವನ ಹಟ ಎಂದು ಹೇಳಿ ಮುಗಿಸುತ್ತೇನೆ. ಆಗ ನಾನೊಂದು ಸಣ್ಣ ಕಂಪನಿಯಲ್ಲಿ ಕ್ಯಾಪ್ಟನ್. ರೆಕ್ಕೆಗೊಂದು ಫ್ಯಾನು ಇರುವ ಸಣ್ಣ ವಿಮಾನಗಳು ನಮ್ಮವು. ಎಡಗಡೆ ಸೀಟು ಕ್ಯಾಪ್ಟನ್ನಿನದು, ಬಲಗಡೆಯದು ಜೊತೆ ಪೈಲಟ್ಟಿನದು. ಬಲದಿಂದ ಎಡಕ್ಕೆ, ಅಂದರೆ ಹೆಚ್ಚೆಂದರೆ ಮೂರಡಿ ಸರಿದು ಕೂರಲು, ನನಗೆ ಒಂಬತ್ತು ವರ್ಷ ಹಿಡಿದಿತ್ತು. ಕೂತು ಎರಡು ವರ್ಷ ಆಗಿತ್ತೋ ಇಲ್ಲವೋ, ದೊಡ್ಡ ಕಂಪನಿಯೊಂದು ನಮ್ಮ ಕಂಪನಿಯನ್ನು ತನ್ನಲ್ಲಿ ಸೇರಿಸಿಕೊಂಡಿತು.

ವಿಲೀನ ಎಂಬ ಮಾತು ಪೇಪರಿನಲ್ಲಿ ಓದಲು ಚೆಂದ. ನದಿ ಸಮುದ್ರ ಸೇರುವ ಹಾಗೆ ಏನೋ ದೊಡ್ಡದು ನಡೆಯಿತು ಅನ್ನಿಸುತ್ತದೆ. ನಡೆದದ್ದು ಇಷ್ಟು: ನಮ್ಮ ಸಣ್ಣ ವಿಮಾನಗಳನ್ನು ವಾಪಸ್ಸು ಕಳಿಸಿದರು, ನಮ್ಮನ್ನು ಮನೆಗೆ ಕಳಿಸಿ ಕಾಯಲು ಹೇಳಿದರು, ಎರಡೂ ಕಂಪನಿಯ ಪೈಲಟ್ಟುಗಳನ್ನು ಹಿರಿತನದ ಮೇಲೆ ಒಂದೇ ಪಟ್ಟಿಗೆ ಹಾಕಿದರು. ಪಟ್ಟಿಯ ನಡುವೆ ಒಂದು ಗೆರೆ. ಗೆರೆಯ ಮೇಲಿನವರು ದೊಡ್ಡ ವಿಮಾನದಲ್ಲೂ ಕ್ಯಾಪ್ಟನ್ನರು. ಕೆಳಗಿನವರು ಮತ್ತೆ ಬಲಗಡೆ ಸೀಟಿಗೆ, ಅದೂ ಜಾಗ ಖಾಲಿಯಾದಾಗ. ಒಪ್ಪದಿದ್ದರೆ ಬಾಗಿಲು ತೆರೆದೇ ಇದೆ.

ಗೆರೆಯ ಮೇಲಿನ ಕೊನೆಯ ಹೆಸರು ರೋಷನ್‌ದು. ಗೆರೆಯ ಕೆಳಗಿನ ಮೊದಲ ಹೆಸರು ನನ್ನದು.

ರೋಷನ್ ಮಂಗಳೂರಿನವನು. ಹಾರಾಟ ಕಲಿಯುವಾಗ ನಾವಿಬ್ಬರೂ ಒಂದೇ ಕೋಣೆ. ಅವನ ಅಮ್ಮ ಕಳಿಸಿದ ಉಪ್ಪಿನಕಾಯಿ, ನನ್ನ ಅಕ್ಕ ಕಳಿಸಿದ ಶೇಂಗಾ ಚಟ್ನಿಪುಡಿ, ಎರಡೂ ಒಂದೇ ತಟ್ಟೆಯಲ್ಲಿ. ಕಂಪನಿಗೆ ಸೇರಿದ್ದೂ ಒಂದೇ ದಿನ. ಒಂದೇ ದಿನ ಸೇರಿದವರಲ್ಲಿ ಯಾರು ಹಿರಿಯರು ಎಂದರೆ ವಯಸ್ಸಿನಲ್ಲಿ ದೊಡ್ಡವರು, ಅದು ನಿಯಮ. ಅವನು ಹುಟ್ಟಿದ್ದು ಏಪ್ರಿಲ್‌ನಲ್ಲಿ. ನಾನು ಅದೇ ವರ್ಷ ಜೂನ್ ಒಂದರಂದು.

ಜೂನ್ ಒಂದು! ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು. ಹುಟ್ಟಿದ ತಾರೀಕು ಯಾರಿಗೂ ಗೊತ್ತಿರುತ್ತಿರಲಿಲ್ಲ, ಶಾಲೆ ಶುರುವಾಗುವುದು ಜೂನ್ ಒಂದಕ್ಕೆ, ಬರೆದುಬಿಡುತ್ತಿದ್ದರು. ನಮ್ಮ ತರಗತಿಯಲ್ಲಿ ಮುಕ್ಕಾಲುಪಾಲು ಮಕ್ಕಳು ಒಂದೇ ದಿನ ಹುಟ್ಟಿದವರು. ಅದರಲ್ಲಿ ಅಣ್ಣತಮ್ಮಂದಿರೂ ಇದ್ದರು! ನಾನು ಈ ಕಥೆಯನ್ನು ಪ್ರತಿ ವರ್ಷ ಆಫೀಸಿನಲ್ಲಿ ಕೇಕು ಕತ್ತರಿಸುವಾಗ ಹೇಳಿ ನಗಿಸುತ್ತಿದ್ದೆ. ಆ ವರ್ಷ ನಗು ಬರಲಿಲ್ಲ.

ಪಟ್ಟಿಯ ಬಗ್ಗೆ ತಕರಾರಿದ್ದರೆ ಹೇಳಲು ನಲವತ್ತೈದು ದಿನ ಕೊಟ್ಟಿದ್ದರು. ನಾನು ಬೆಂಗಳೂರಿನ ಬಾಡಿಗೆ ಕೋಣೆಗೆ ಬೀಗ ಹಾಕಿ ತಂಬ್ರಹಳ್ಳಿ ಆಚೆಗಿನ ನಮ್ಮೂರಿಗೆ, ಅಕ್ಕನ ಮನೆಗೆ ಬಂದೆ. ಅಪ್ಪ ಅವ್ವ ತೀರಿ ಹೋಗಿ ವರ್ಷಗಳಾಗಿದ್ದವು. ನನಗೆ ಊರು ಎಂದರೆ ಹಾಲವ್ವ ಅಕ್ಕನೇ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಭಾವನ ಜೊತೆ ನೂರು ಕುರಿ ಸಾಕಿಕೊಂಡಿದ್ದಳು. ಮಾತು ಕಟು, ಕೈ ದೊಡ್ಡದು. ಇಪ್ಪತ್ತು ದಿನ ನಾನು ಅವಳ ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ರೋಹಿಣಿ ಮಳೆ ಬಂತು, ಹೋಯಿತು. ಆಕಾಶದಲ್ಲಿ ಎಲ್ಲಾದರೂ ವಿಮಾನದ ಸದ್ದು ಕೇಳಿದರೆ ತಲೆ ಎತ್ತದೆ ಇರಲು ಆಗುತ್ತಿರಲಿಲ್ಲ. ಯಾವ ಊರಿಂದ ಯಾವ ಊರಿಗೆ, ಎಷ್ಟು ಎತ್ತರ ಎಂದು ಅಂದಾಜು ಮಾಡುತ್ತಿದ್ದೆ, ಬಲಗೈ ಬೆರಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಎಡ ಸೀಟಿನಲ್ಲಿ ಕೂತವನ ಬಲಗೈ ಎಂಜಿನ್ನಿನ ಹಿಡಿಯ ಮೇಲಿರುತ್ತದೆ. ಅದು ಬೇಕಿತ್ತು ನನಗೆ. ಹಸಿವಿನಷ್ಟೇ ನಿಜವಾಗಿ ಬೇಕಿತ್ತು.

ಅಕ್ಕ ಒಂದು ದಿನ ರೊಟ್ಟಿ ಬಡಿಯುತ್ತಾ, "ಏನಲೇ ನಿನ್ನ ರೋಗ? ಬಾಯಿ ಬಿಟ್ಟು ಹೇಳು" ಅಂದಳು. ಹೇಳಿದೆ. ಗೆರೆ, ಏಪ್ರಿಲ್, ಜೂನ್ ಎಲ್ಲ.

"ಜೂನ್ ಎಲ್ಲಿಂದ ಬಂತು? ನೀ ಹುಟ್ಟಿದ್ದು ಹೋಳಿ ಹುಣ್ಣಿಮಿ ಮಾರನೇ ದಿನ. ಬಣ್ಣ ಆಡಿದವರು ಕೆರಿಯಾಗ ಮೈ ತೊಳಕೊಳ್ಳಾಕತ್ತಿದ್ರು. ನಾ ಕಣ್ಣಾರೆ ನೋಡೀನಿ."

"ಎಲ್ಲಿ?"

"ಅರಸೀಕೆರಿ ಕಡೆ. ಗೌಡರ ಹೊಲದಾಗ ಕುರಿ ನಿಲ್ಲಿಸಿದ್ವಿ. ಆ ಗೌಡ ಏನಾರ ಆದ್ರ ಸಾಕು, ಬರಕೋತಿದ್ದ. ನೀ ಹುಟ್ಟಿದ್ದೂ ಬರಕೊಂಡಾನ, ಅವ್ವ ಹೇಳ್ತಿದ್ಲು."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಹೋಳಿ ಎಂದರೆ ಮಾರ್ಚ್. ಮಾರ್ಚ್ ಎಂದರೆ ಏಪ್ರಿಲ್‌ಗಿಂತ ಮೊದಲು. ನಾನು ಗೆರೆಯ ಮೇಲೆ! ಆ ಹೊತ್ತಿಗೆ ರೋಷನ್ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದ, ನಾನು ಆ ಕಡೆ ನೋಡಲಿಲ್ಲ.

ಮಾರನೇ ದಿನವೇ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಊರಿನ ಹೆಸರು ಅವಳಿಗೆ ಗೊತ್ತಿಲ್ಲ, ಗೌಡರ ಹೆಸರೂ ಗೊತ್ತಿಲ್ಲ. "ನೋಡಿದ್ರ ಹೇಳ್ತೀನಿ" ಅಂದಿದ್ದಳು. ಸಂಜೆತನಕ ಡಾಂಬರು ರಸ್ತೆಗಳ ಮೇಲೆ ಸುತ್ತಿಸಿದೆ. ನನ್ನ ಫೋನು ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅನ್ನುತ್ತಿತ್ತು, ಅಕ್ಕ ಕಿಟಕಿಯಲ್ಲಿ ಮುಖ ಇಟ್ಟು ಸುಮ್ಮನೆ ಕೂತಿದ್ದಳು. ಕೊನೆಗೆ ಸಿಟ್ಟಿಗೆದ್ದಳು.

"ಕಾರಿನ್ಯಾಗ ಕುಂತ್ರ ನಂಗ ಏನೂ ಗೊತ್ತಾಗಂಗಿಲ್ಲ. ನಾವು ಈ ದಾರಿಗೆ ಬಂದೇ ಇಲ್ಲ. ನಾಳೆ ಕೊಟ್ಟೂರ ತನಕ ಬಸ್ಸಿಗೆ ಹೋಗೋಣ, ಅಲ್ಲಿಂದ ನನ್ನ ಕಾಲಿಗೆ ಬಿಡು."

ಅವಳಿಗೆ ಆ ನೆಲ ಗೊತ್ತಿದ್ದದ್ದು ಚಿಕ್ಕಂದಿನಲ್ಲಿ ಕುರಿಯ ಹಿಂದೆ ನಡೆದು. ಎಲ್ಲಿ ನೀರು ಕುಡಿಸಿದ್ದು, ಎಲ್ಲಿ ಬಲೆ ಕಟ್ಟಿ ಕುರಿ ಕೂಡಿದ್ದು, ಎಲ್ಲಿ ಮುಳ್ಳು ತುಳಿದದ್ದು, ಹೀಗೆ ಒಂದರ ನಂತರ ಒಂದು ಜಾಗ ಸಿಕ್ಕರೆ ಮುಂದಿನದು ನೆನಪಾಗುತ್ತದೆ, ಒಂದು ತಪ್ಪಿದರೆ ದಾರಿಯೇ ಇಲ್ಲ. ಹಾಗಾಗಿ, ದಿನಕ್ಕೆ ಸಾವಿರ ಮೈಲಿ ಹಾರಿದವನು, ಮೃಗಶಿರಾ ಮಳೆಯ ಆ ಮೂರು ದಿನ ಅಕ್ಕನ ಹಿಂದೆ ನಡೆದೆ.

ಅವಳ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ನನ್ನ ಹೆಗಲ ಮೇಲೆ ಕಂಪನಿಯ ಹೆಸರು ಬರೆದ ಕಪ್ಪು ಬ್ಯಾಗು. ಕೊಟ್ಟೂರು ಬಿಟ್ಟು ಎರಡು ತಾಸಿನಲ್ಲಿ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ. ಅಕ್ಕ ತಿರುಗಿ ನೋಡಿ, "ನಿನ್ನ ಕಾಲು ಬರೇ ತುಳಿಯಾಕ ಕಲ್ತಾವೇನು, ನಡಿಯಾಕ ಕಲ್ತಿಲ್ಲ?" ಎಂದು ನಕ್ಕಳು. ವಿಮಾನದಲ್ಲೂ ಕಾಲಿಗೆ ಪೆಡಲು ಇರುತ್ತದೆಂದು ಯಾವಾಗಲೋ ಹೇಳಿದ್ದೆ, ನೆನಪಿಟ್ಟುಕೊಂಡಿದ್ದಳು.

ಎಲ್ಲ ಕಡೆ ಬಿತ್ತನೆ ನಡೆದಿತ್ತು. ಮೆಕ್ಕೆಜೋಳದ ಹೊಲಗಳಲ್ಲಿ ಹೆಂಗಸರು ಸಾಲಿಗೆ ನಿಂತು ಕಾಳು ಹಾಕುತ್ತಾ ಹೋಗುತ್ತಿದ್ದರು. ಗುಡ್ಡದ ಮೇಲೆ ಸಾಲು ಗಾಳಿಯಂತ್ರಗಳು ಪಶ್ಚಿಮಕ್ಕೆ ಮುಖ ಮಾಡಿ ತಿರುಗುತ್ತಿದ್ದವು. ಅವು ತಿರುಗುವುದನ್ನು ನೋಡಿ ನಾನು ಗಾಳಿಯ ವೇಗ ಹೇಳಿದೆ. ಅಕ್ಕ ಒಂದು ಹಿಡಿ ಧೂಳು ಮೇಲಕ್ಕೆ ತೂರಿ, "ಸಂಜಿಕ ಮಳಿ ಐತಿ, ಬೇಗ ನಡಿ" ಅಂದಳು. ಸಂಜೆಗೆ ಮಳೆ ಬಂತು. ನನ್ನ ಗಾಳಿಯ ವೇಗವೂ ಸರಿಯಾಗಿಯೇ ಇತ್ತು, ಆದರೆ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಆ ಮಳೆಯಲ್ಲಿ ಒಂದೇ ಕಂಬಳಿಯ ಕೊಪ್ಪೆಯೊಳಗೆ ಇಬ್ಬರೂ ತಲೆ ಹುದುಗಿಸಿ ಬೇವಿನ ಗಿಡದ ಬುಡದಲ್ಲಿ ಕೂತಿದ್ದಾಗ ಅಕ್ಕ ನನ್ನ ಶಾಲೆಯ ಮೊದಲ ದಿನದ ಕಥೆ ಹೇಳಿದಳು. ಅಪ್ಪ ಅವ್ವ ಕುರಿಯ ಜೊತೆ ದೂರ ಹೋಗಿದ್ದರು. ಹತ್ತು ಹನ್ನೊಂದು ವರ್ಷದ ಅವಳೇ ನನ್ನ ಕೈ ಹಿಡಿದು ಶಾಲೆಗೆ ಒಯ್ದದ್ದು. ಕಿವಿ ಮುಟ್ಟಿಸಿದ್ದಾಯಿತು, ಹೆಸರು ಬರೆದದ್ದಾಯಿತು. ಮಾಸ್ತರು ಅವಳನ್ನು ನೋಡಿ, "ನಿನ್ನ ಹೆಸರೂ ಹಚ್ಚಲೇನವ್ವಾ?" ಎಂದು ಕೇಳಿದರಂತೆ.

"ನೀ ಏನಂದಿ?"

"ಮನ್ಯಾಗ ಹದಿನಾರು ಮರಿ ಅದಾವ್ರಿ ಅಂದೆ."

ಇಷ್ಟು ಹೇಳಿ ಅವಳು ಕಂಬಳಿಯಿಂದ ಕೈ ಚಾಚಿ ಮಳೆ ನಿಂತಿತೋ ನೋಡಿದಳು. ಮೂವತ್ತು ವರ್ಷ ನಾನು ಆ ಕಥೆಯನ್ನು ಕೇಳಿಯೇ ಇರಲಿಲ್ಲ. ಅವಳು ಯಾಕೆ ಶಾಲೆಗೆ ಹೋಗಲಿಲ್ಲ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಎರಡನೇ ದಿನ ರೋಷನ್ ಫೋನ್ ಮಾಡಿದ. ಹೇಗಿದ್ದೀ, ಊಟ ಸರಿಯಾಗಿ ಮಾಡ್ತಿದ್ದೀಯಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಾರಾಯ, ನಾನು ಆಫೀಸಿನಲ್ಲಿ ನಿನ್ನ ಬಗ್ಗೆ ಮಾತಾಡ್ತಿದ್ದೇನೆ, ಎಂದೆಲ್ಲ ಹೇಳಿದ. ಎಲ್ಲಿದ್ದೀ ಎಂದು ಕೇಳಿದ್ದಕ್ಕೆ ಮನೆಯಲ್ಲಿ ಸುಮ್ಮನೆ ಕೂತಿದ್ದೇನೆ ಎಂದೆ. ಫೋನ್ ಇಟ್ಟ ಮೇಲೆ ಅಕ್ಕ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಹೊಲದಾಗ ನಿಂತು ಮನ್ಯಾಗ ಅದೀನಿ ಅಂದ್ಯಲ್ಲ."

"ಸುಮ್ನಿರಕ್ಕ."

"ನೀ ಆ ಗೆರಿ ಮ್ಯಾಲ ಹೋದ್ರ, ಅಂವ ಕೆಳಗ ಬೀಳ್ತಾನೇನು?"

"ಹ್ಞೂಂ."

"ಚಟ್ನಿಪುಡಿ ತಿಂದ ಹುಡುಗ ಅಲ್ಲೇನಲೇ ಅಂವ?"

ನನಗೆ ಸಿಟ್ಟು ಬಂತು. ನಾನು ಯಾರ ಸೀಟನ್ನೂ ಕಸಿಯುತ್ತಿಲ್ಲ, ನನ್ನ ಹುಟ್ಟಿದ ದಿನವನ್ನು ನಾನು ಕೇಳುತ್ತಿದ್ದೇನೆ, ಸತ್ಯ ಹೇಳಿದರೆ ತಪ್ಪೇ ಎಂದು ರೇಗಿದೆ. "ತಪ್ಪು ಅಂತ ನಾ ಅಂದ್ನೇನು?" ಅಂದಳು ಅಕ್ಕ. "ಸತ್ಯ ಆದ್ರ ಅಂವಗೂ ಹೇಳು ಅಂದೆ." ಅವಳು ಅಲ್ಲಿಯ ತನಕ ಹಾಗೆ ಅಂದಿರಲಿಲ್ಲ. ಆದರೆ ಅದೇ ಅವಳ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಒಂದು ಸಣ್ಣ ಕೆರೆಯ ಏರಿ ಹತ್ತಿದ ಕೂಡಲೇ ಅಕ್ಕ ನಿಂತುಬಿಟ್ಟಳು. ಏರಿಯ ಕೆಳಗೆ ಈರುಳ್ಳಿಗೆ ಹದ ಮಾಡಿದ ಹೊಲ, ಬದುವಿನಲ್ಲಿ ಎರಡು ಜಾಲಿಗಿಡ, ಆಚೆ ಊರು. ನೂರು ಕುರಿಯಷ್ಟು ಮಂದೆಯೊಂದು ನಾಲ್ಕು ದಿನದ ಹಿಂದೆ ಅಲ್ಲಿ ನಿಂತು ಹೋಗಿತ್ತು. ಮೇಲೆ ಮಳೆ ಬಿದ್ದಿತ್ತು. ಆ ವಾಸನೆಯಲ್ಲಿ ಅಕ್ಕ ಕೆಳಗಿಳಿದು ಹೋಗಿ ಬದುವಿನ ಹತ್ತಿರ ಒಂದು ಕಡೆ ಕಾಲಿಂದ ಮಣ್ಣು ಸರಿಸಿದಳು.

"ಇಲ್ಲೇ. ಇಲ್ಲಿ ನಾಕು ಕೋಲು ನೆಟ್ಟು ಕಂಬಳಿ ಹೊದಿಸಿದ್ರು. ನಾ ಆ ಜಾಲಿ ಬುಡಕ ಕುಂತಿದ್ದೆ, ಈ ಕಡೆ ನೋಡಬ್ಯಾಡ ಅಂತ ಅಪ್ಪ ಹೇಳಿದ್ದ. ನಾ ನೋಡಿದೆ. ಗೌಡರ ಸೊಸಿ ಓಡಿ ಬಂದು ಬಿಸಿನೀರು ಕೊಟ್ಲು. ಮೂರು ದಿನಕ್ಕ ಮುಂದಿನ ಊರಿಗೆ ಹೊಂಟ್ವಿ. ಸಾಮಾನು ಹೊರೋ ಕತ್ತಿ ಮ್ಯಾಲ ಒಂದು ಚೀಲದಾಗ ಎರಡು ಮರಿ, ಇನ್ನೊಂದು ಚೀಲದಾಗ ನೀನು ಒಂದು ಮರಿ. ಆ ಮರಿ ನಿನ್ನ ಕಿವಿ ಚೀಪತಿತ್ತು."

ನಾನು ಬ್ಯಾಗು ಇಳಿಸಿ ಆ ಮಣ್ಣಿನಲ್ಲಿ ಕೂತೆ. ಮೋಡ ಸರಿದು ಬಿಸಿಲು ಬಿದ್ದು ನೆಲ ಹಬೆಯಾಡುತ್ತಿತ್ತು. ಕಣ್ಣು ತುಂಬಿತು. ಅವ್ವ ನೆನಪಾದಳು. ಬಾಣಂತಿ ಮೂರನೇ ದಿನಕ್ಕೆ ಎದ್ದು ನಡೆದ ದಾರಿಯಲ್ಲಿ ನಾನು ಬೂಟು ಹಾಕಿಕೊಂಡು ಕುಂಟುತ್ತಾ ಬಂದಿದ್ದೆ.

ಆ ಗೌಡರ ಸೊಸೆ ಇನ್ನೂ ಇದ್ದರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು, ಮನೆಯವರು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಅಕ್ಕ ಹೊಸ್ತಿಲಾಚೆ ನಿಂತು "ಯವ್ವಾ, ನಿಮ್ಮ ಹೊಲದಾಗ ಹುಟ್ಟಿದ ಕೂಸು ಬಂದೈತ್ರಿ" ಅಂದಳು. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನನ್ನ ಮುಖ, ಬೂಟು, ಬ್ಯಾಗು ಎಲ್ಲ ನೋಡಿದರು.

"ಕುರುಬ್ರ ಹೆಣ್ಮಗಳ ಕೂಸಾ? ಅಯ್ಯೋ ನಮ್ಮಪ್ಪ! ಒಳಗ್ ಬರ್ರಿ, ಬಿಸಿಲಾಗೆ ಯಾಕ್ ನಿಂತೀರಾ. ನಮ್ಮ ಮಾವಾರು ಬರೆದಿಟ್ಟಿದ್ದೆಲ್ಲಾ ಅಟ್ಟದ ಮೇಲೆ ಐತೆ. ಯಾವ ಮಳೆ ಎಷ್ಟು ಬಂತು, ಯಾವ ಎಮ್ಮೆ ಯಾವತ್ತು ಈಯ್ತು, ಒಂದೂ ಬಿಟ್ಟಿಲ್ಲ."

ಅಟ್ಟದಿಂದ ಪಂಚಾಂಗಗಳ ಗಂಟು ಇಳಿಯಿತು. ವರ್ಷಕ್ಕೊಂದು, ದಾರದಲ್ಲಿ ಕಟ್ಟಿದ್ದು, ಅಂಚೆಲ್ಲ ಗೆದ್ದಲು ತಿಂದದ್ದು. ನನ್ನ ವರ್ಷದ್ದನ್ನು ಹುಡುಕಿ ಕೊನೆಯ ಪುಟಗಳಿಗೆ, ಫಾಲ್ಗುಣಕ್ಕೆ ಬಂದೆ. ಹುಣ್ಣಿಮೆಯ ಮರುದಿನ, ಬಹುಳ ಪಾಡ್ಯ. ಪಕ್ಕದಲ್ಲಿ ಅಚ್ಚಾದ ಇಂಗ್ಲಿಷ್ ತಾರೀಕು, ಮಾರ್ಚ್ ತಿಂಗಳದು. ಅದರಾಚೆ ಖಾಲಿ ಜಾಗದಲ್ಲಿ ನೇರಳೆ ಬಣ್ಣದ ಶಾಯಿಯಲ್ಲಿ, ಉರುಟು ಅಕ್ಷರ:

"ಬಡಗಣ ಹೊಲದಲ್ಲಿ ಕುರಿ ನಿಂತವು. ಕುರುಬರ ಹೆಣ್ಣುಮಗಳು ಗಂಡು ಹೆತ್ತಳು. ಇಬ್ಬರೂ ಕ್ಷೇಮ. ಮೋಡ ಇತ್ತು, ಮಳೆ ಇಲ್ಲ. ಗಾಳಿ ಪಡುವಣ."

ಮರುದಿನದ ಸಾಲಿನಲ್ಲಿ ಕರಿ ಎಮ್ಮೆ ಈದದ್ದಿತ್ತು.

ನಾವು ಪೈಲಟ್ಟುಗಳು ಪ್ರತಿ ಹಾರಾಟಕ್ಕೆ ಮೊದಲು ಓದುವುದು ಇದನ್ನೇ: ಗಾಳಿ ಎತ್ತಣದ್ದು, ಮೋಡ ಎಷ್ಟು, ಮಳೆ ಇದೆಯೋ ಇಲ್ಲವೋ. ನಾನು ಈ ಲೋಕಕ್ಕೆ ಇಳಿದ ದಿನದ ಹವಾಮಾನವನ್ನು ಯಾರೋ ಒಬ್ಬರು ಬರೆದಿಟ್ಟಿದ್ದರು! ಗಟ್ಟಿಯಾಗಿ ಓದಿದೆ. ಅಕ್ಕ ಮತ್ತೊಮ್ಮೆ ಓದಿಸಿದಳು. ದೊಡ್ಡಮ್ಮ ಬೆಲ್ಲ ಕೊಬ್ಬರಿ ತಂದು ಇಬ್ಬರ ಕೈಗೂ ಇಟ್ಟು ಅಕ್ಕನನ್ನು ಕೇಳಿದರು, "ನೀನೂ ಹೀಗೇ ಹೊಲದಾಗ ಹುಟ್ಟಿದೋಳೇನವ್ವಾ?"

"ಹಿರೇಹಡಗಲಿ ಕಡೆ ಅಂತ್ರಿ. ಸಜ್ಜಿ ಕೊಯ್ಯಾಕತ್ತಿದ್ರಂತ. ನಂದು ಯಾರ್ ಬರೀತಾರ್ರಿ" ಎಂದು ಅಕ್ಕ ನಕ್ಕಳು.

ಉಳಿದದ್ದು ಬೇಗ ಹೇಳುತ್ತೇನೆ. ಹರಪನಹಳ್ಳಿಯಲ್ಲಿ ಆ ಪುಟದ ಪ್ರತಿ ಮಾಡಿಸಿದೆ, ದೊಡ್ಡಮ್ಮನ ಹೆಬ್ಬೆಟ್ಟು, ಅಕ್ಕನ ಹೆಬ್ಬೆಟ್ಟು, ನೋಟರಿಯ ಮುದ್ರೆ. ವಕೀಲರು ಕಾಗದ ನೋಡಿ, ಕಥೆ ಚೆನ್ನಾಗಿದೆ, ಆದರೆ ನಿಮ್ಮ ಹತ್ತನೇ ತರಗತಿಯ ಅಂಕಪಟ್ಟಿಯಿಂದ ಪೈಲಟ್ ಲೈಸೆನ್ಸಿನ ತನಕ ಎಲ್ಲದರಲ್ಲೂ ಜೂನ್ ಒಂದೇ ಇದೆಯಲ್ಲ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಕಂಪನಿಗೆ ಕಳಿಸುವ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ರೋಷನ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಅವತ್ತು ಸುಳ್ಳು ಹೇಳಿದ್ದನ್ನೂ ಸೇರಿಸಿ.

"ಕಳಿಸು" ಎಂದ ಅವನು. "ನಾನಾದರೂ ಕಳಿಸುತ್ತಿದ್ದೆ. ಒಂದೇ ಮಾತು. ನಿನಗೆ ಸಿಕ್ಕಿದರೆ ನೀನೇ ಫೋನ್ ಮಾಡಿ ಹೇಳು ಮಾರಾಯ. ಪಟ್ಟಿ ನೋಡಿ ನನಗೆ ಗೊತ್ತಾಗುವ ಹಾಗೆ ಮಾಡಬೇಡ."

ಕಳಿಸಿದೆ. ಆರಿದ್ರಾ ಮಳೆಯ ಹೊತ್ತಿಗೆ ಉತ್ತರ ಬಂತು, ಎರಡು ಸಾಲು. ಸೇವೆಗೆ ಸೇರುವಾಗ ಒಪ್ಪಿಕೊಂಡ ಜನ್ಮದಿನಾಂಕವೇ ಅಂತಿಮ. ಪಟ್ಟಿಯಲ್ಲಿ ಬದಲಾವಣೆ ಇಲ್ಲ. ರೋಷನ್‌ಗೆ ನಾನೇ ಹೇಳಿದೆ. ಅವನು ಸಂತೋಷಪಡಲಿಲ್ಲ, ದುಃಖಪಟ್ಟೆ ಎಂದು ನಟಿಸಲೂ ಇಲ್ಲ. ಅದಕ್ಕೇ ಅವನು ಇವತ್ತಿಗೂ ನನ್ನ ಗೆಳೆಯ.

ಆರು ತಿಂಗಳ ಮೇಲೆ ಬಲಗಡೆ ಸೀಟು ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ, ನನಗಿಂತ ಚಿಕ್ಕ ಕ್ಯಾಪ್ಟನ್ನರ ಪಕ್ಕ. ಭುಜದ ಮೇಲೆ ನಾಲ್ಕಿದ್ದ ಪಟ್ಟೆ ಮೂರಾಗಿದೆ. ಮೊದಲ ವರ್ಷ ಬಲಗೈ ಹಿಡಿ ಹುಡುಕಿ ಬರಿಗಾಳಿಯಲ್ಲಿ ಆಡುತ್ತಿತ್ತು, ಈಗ ಎಡಗೈ ಕಲಿತಿದೆ. ಎಡ ಸೀಟಿನ ಆಸೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮೋಡದ ಮೇಲೆ ಮಾತಿಲ್ಲದೆ ಕೂತಾಗ ನನಗೆ ಹೆಚ್ಚು ಬೇಕೆನಿಸುವುದು ಆ ಮೂರು ದಿನ. ಎಡ ಸೀಟು ಇನ್ನೊಂದು ಐದು ವರ್ಷಕ್ಕೆ ಬಂದರೂ ಬರಬಹುದು. ಅಕ್ಕನ ಹಿಂದೆ ನಡೆಯುವುದು ಇನ್ನು ಬರುವುದಿಲ್ಲ. ಅವಳ ಮೊಣಕಾಲು ಹೋಗಿವೆ, ಕುರಿ ಮಾರಿದರು, ಹಡಗಲಿಯಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಾಳೆ. ಬೈಯುವುದು ಮಾತ್ರ ಬಿಟ್ಟಿಲ್ಲ.

ಉತ್ತರ ಬಂದ ದಿನದ್ದೊಂದು ಮಾತು ಉಳಿದಿದೆ. ಅದನ್ನು ನಾನು ರೋಷನ್‌ಗೂ ಹೇಳಿಲ್ಲ.

ಅಕ್ಕ ಹಟ್ಟಿಯಲ್ಲಿ ತಾಯಿ ಸತ್ತ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನಾನು ಫೋನ್ ಹಿಡಿದುಕೊಂಡೇ ಹೋಗಿ ಅವಳೆದುರು ನಿಂತೆ.

"ಆಗಂಗಿಲ್ಲಂತ ಅಕ್ಕ. ಕಾಗದದಾಗ ಜೂನ್ ಒಂದೇ ಇರ್ತೈತಂತ."

"ನಿನ್ನ ಕುರ್ಚಿ?"

"ಹೋತು. ಬಲಗಡಿದು ಕೊಡ್ತಾರ."

ಮರಿ ಬಾಟಲಿ ಜಗ್ಗಿತು. ಅವಳು ಅದನ್ನು ಸರಿಯಾಗಿ ಹಿಡಿದು, ನನ್ನ ಕಡೆ ನೋಡದೆ ಹೇಳಿದಳು: "ಆ ಮಾಸ್ತರ ಮುಂದ ನಾ ಹೋಳಿ ಹುಣ್ಣಿಮಿ ಅಂತ ಅಂದಿದ್ದೆ. ತಾರೀಕು ಹೇಳು ಅಂದ್ರು. ಮತ್ತ ಹೋಳಿ ಹುಣ್ಣಿಮಿ ಅಂದೆ. ನಕ್ಕರು. ಮೂರನೇ ಸಲ ಅನ್ನಬೇಕಿತ್ತು ನಾ. ಅಂದಿದ್ರ ಬರೀತಿದ್ರೇನೋ."

ಮೂವತ್ತು ವರ್ಷದ ಹಿಂದಿನ ಆ ಹುಡುಗಿ ಎರಡು ಸಲ ಹೇಳಿ ಸುಮ್ಮನಾದದ್ದನ್ನು ಇವಳು ಇಷ್ಟು ದಿನ ಹೊತ್ತುಕೊಂಡು ನಡೆದಿದ್ದಳು, ಕೊಟ್ಟೂರಿನಿಂದ ಅರಸೀಕೆರೆ ತನಕವೂ. ನಿನ್ನ ತಪ್ಪೇನೂ ಇಲ್ಲ ಎಂದೆ. ಅದು ಅವಳ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಮರಿಯ ಬಾಯಿ ಒರೆಸಿ ಕೆಳಗಿಟ್ಟಳು.

"ನಿನಗ ಹೊಸಾ ತಾರೀಕು ಬಂದ್ರ, ಆ ಹಳೇ ಜೂನ್ ಒಂದು ನಾ ಇಸ್ಕೊಳ್ಳೋಣು ಅಂತ ಮಾಡಿದ್ದೆ" ಅಂದಳು. "ನನ್ನ ಆಧಾರ ಕಾರ್ಡಿನ್ಯಾಗ ಬರೇ ಇಸ್ವಿ ಐತಿ, ದಿನ ಇಲ್ಲ. ಹೆಂಗೂ ನಿನಗ ಬ್ಯಾಡಾಗತೈತಿ, ನಂಗಿರ್ಲಿ ಅಂತ."

ಸೀಟು ಹೋದಾಗ ಬಾರದ ಅಳು ನನಗೆ ಆಗ ಬಂತು. ಹಟ್ಟಿಯ ನೆಲದಲ್ಲಿ ಅವಳ ಪಕ್ಕ ಕುಸಿದು ಕೂತೆ. ಅವಳು ಹಾಲು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟಳು.

"ಅಳಬ್ಯಾಡ ಲೇ. ಇರ್ಲಿ ಬಿಡು, ಒಂದ ದಿನ ಆದ್ರೇನಾತು? ಇಬ್ರಿಗೂ ಸಾಕಾಗತೈತಿ."